ಸೈಟ್ ಬಿಳಿ, ಬಟನ್ ಮಾಯ, ಚಿತ್ರ ಖಾಲಿ: ಹಳೆ ಬ್ರೌಸರ್‌ನ ದೋಷ ಹುಡುಕುವ ಬಗೆ

"ನೆಟ್ ಚೆನ್ನಾಗೇ ಇದೆ, ಈ ಒಂದು ಸೈಟ್ ಮಾತ್ರ ಓಪನ್ ಆಗಲ್ಲ." ಹಳೆ ಸಿಸ್ಟಂ ಇಟ್ಟುಕೊಂಡವರ ದೂರು ಹೆಚ್ಚಾಗಿ ಹೀಗೇ ಇರುತ್ತದೆ. ಪಕ್ಕದಲ್ಲಿದ್ದವರು ವೈರಸ್ ಅನ್ನುತ್ತಾರೆ. ಅಂಗಡಿಯವರು ಫಾರ್ಮ್ಯಾಟ್ ಮಾಡೋಣ ಅನ್ನುತ್ತಾರೆ. ಫಾರ್ಮ್ಯಾಟ್ ಆದ ಮೇಲೂ ಅದೇ ವಿಂಡೋಸ್ 7, ಅದೇ ಬ್ರೌಸರ್, ಅದೇ ಬಿಳಿ ಪುಟ. ಹೋದದ್ದು ದುಡ್ಡು ಮತ್ತು ಫೋಟೊಗಳು.

ಸೈಟ್ ಕಟ್ಟುವವರು ಹೊಸ ಹೊಸ ವೆಬ್ ಮಾನದಂಡಗಳನ್ನು ಬಳಸುತ್ತಾ ಹೋಗುತ್ತಾರೆ. ನಿಮ್ಮ ಬ್ರೌಸರ್ ತಯಾರಾದಾಗ ಅವು ಇರಲೇ ಇಲ್ಲ, ಹಾಗಾಗಿ ಅದಕ್ಕೆ ಅರ್ಥವಾಗುವುದಿಲ್ಲ. ಆದರೆ ಎಲ್ಲ ಸೈಟೂ ಒಂದೇ ಥರ ಕೆಡುವುದಿಲ್ಲ. ಹೇಗೆ ಕೆಟ್ಟಿದೆ ಅನ್ನುವುದನ್ನು ಸರಿಯಾಗಿ ನೋಡಿದರೆ ಏನು ಕೆಟ್ಟಿದೆ ಅನ್ನುವುದು ಅರ್ಧ ಗೊತ್ತಾದ ಹಾಗೆ.

ಯಾವ ಲಕ್ಷಣವಿದ್ದರೂ ಮೊದಲು ಇಷ್ಟು ಮಾಡಿ

ಅದೇ ಸೈಟನ್ನು ಮನೆಯಲ್ಲಿರುವ ಹೊಸ ಫೋನಿನಲ್ಲಿ, ಅದೇ ವೈಫೈನಲ್ಲಿ ತೆರೆಯಿರಿ. ಅಲ್ಲೂ ಬರದಿದ್ದರೆ ಸೈಟೇ ಬಿದ್ದಿದೆ, ಸಂಜೆ ನೋಡಿದರಾಯಿತು. ಅಲ್ಲಿ ಬಂತು ಅಂದರೆ ತೊಂದರೆ ನಿಮ್ಮ ಸಿಸ್ಟಂನಲ್ಲಿದೆ.

ಆಮೇಲೆ ಹಳೆ ಸಿಸ್ಟಂನಲ್ಲೇ ಇನ್‌ಕಾಗ್ನಿಟೊ ಕಿಟಕಿ ತೆರೆದು ನೋಡಿ. ಅದರಲ್ಲಿ ಸರಿಯಾಗಿ ಬಂದರೆ ಬ್ರೌಸರ್‌ನ ವಯಸ್ಸಿನ ಮೇಲೆ ತಪ್ಪು ಹೊರಿಸಬೇಡಿ. ಯಾವುದೋ ಎಕ್ಸ್‌ಟೆನ್ಶನ್ (ಬ್ರೌಸರ್‌ಗೆ ಸೇರಿಸಿಕೊಂಡ ಪುಟ್ಟ ಸಾಫ್ಟ್‌ವೇರ್) ಅಡ್ಡ ಬಂದಿದೆ, ಇಲ್ಲವೇ ಹಳೆ ಕ್ಯಾಶ್, ಅಂದರೆ ಬ್ರೌಸರ್ ಮೊದಲೇ ಉಳಿಸಿಟ್ಟ ಪ್ರತಿ, ಉಳಿದಿದೆ. ಎಕ್ಸ್‌ಟೆನ್ಶನ್‌ಗಳನ್ನು ಒಂದೊಂದಾಗಿ ಆಫ್ ಮಾಡಿ, ಆ ಸೈಟಿನ ಡೇಟಾ ಅಳಿಸಿ. ಕೆಲಸ ಮುಗಿಯಿತು.

ಇಲ್ಲೂ ಬರಲಿಲ್ಲವಾ? ಈಗ ವರ್ಷನ್ ನಂಬರ್ ನೋಡಿ. ಕ್ರೋಮ್‌ನಲ್ಲಿ ಮೂಲೆಯ ಮೂರು ಚುಕ್ಕಿ, ಹೆಲ್ಪ್, ಅಬೌಟ್ ಗೂಗಲ್ ಕ್ರೋಮ್. ಅಲ್ಲಿ ಅಪ್‌ಡೇಟ್ ಸಿಕ್ಕರೆ ಮಾಡಿ, ಬ್ರೌಸರ್ ಮುಚ್ಚಿ ತೆರೆಯಿರಿ. ಎಷ್ಟೋ ಜನರ ತೊಂದರೆ ಇಲ್ಲಿಗೇ ಮುಗಿಯುತ್ತದೆ. ಅಪ್‌ಡೇಟ್ ಬರುವುದೇ ಇಲ್ಲ ಅಂದರೆ ನಿಮ್ಮ ಸಿಸ್ಟಂ ಏರಬಹುದಾದ ಕೊನೆ ಮೆಟ್ಟಿಲು ಅದೇ. ವಿಂಡೋಸ್ ಎಕ್ಸ್‌ಪಿ ಮತ್ತು ವಿಸ್ತಾಗೆ ಕ್ರೋಮ್ 49 ಕೊನೆಯದು. ವಿಂಡೋಸ್ 7, 8 ಮತ್ತು 8.1ಕ್ಕೆ ಕ್ರೋಮ್ 109, ಎಡ್ಜ್ ಕೂಡ 109, ಫೈರ್‌ಫಾಕ್ಸ್‌ನಲ್ಲಿ 115ರ ಇಎಸ್‌ಆರ್ (ಹೆಚ್ಚು ಕಾಲ ಬೆಂಬಲ ಸಿಗುವ ಆವೃತ್ತಿ) ಸಾಲು. ಆಂಡ್ರಾಯ್ಡ್ 5ಕ್ಕೆ ಕ್ರೋಮ್ 95, ಆಂಡ್ರಾಯ್ಡ್ 6ಕ್ಕೆ 106, ಆಂಡ್ರಾಯ್ಡ್ 7ಕ್ಕೆ 119, ಆಂಡ್ರಾಯ್ಡ್ 8 ಮತ್ತು 9ಕ್ಕೆ 138. ಈ ನಂಬರನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಮುಂದೆ ಎಲ್ಲ ಕಡೆ ಬೇಕಾಗುತ್ತದೆ.

ಐಫೋನ್ ಆದರೆ ಬ್ರೌಸರ್ ಅಲ್ಲ, ಐಒಎಸ್ ವರ್ಷನ್ ನೋಡಿ. ಐಫೋನ್ 5ಎಸ್ ಮತ್ತು 6 ಐಒಎಸ್ 12ರಲ್ಲೇ ನಿಂತಿವೆ. ಅವುಗಳಲ್ಲಿ ಸಫಾರಿ ಬಿಟ್ಟು ಕ್ರೋಮ್ ಹಾಕಿಕೊಂಡರೂ ಒಳಗಿನ ಎಂಜಿನ್ ಅದೇ ವೆಬ್‌ಕಿಟ್. ಸುಮ್ನೆ ಡೌನ್‌ಲೋಡ್ ಮಾಡಿ ಜಾಗ ತುಂಬಿಸಬೇಡಿ.

"ಯುವರ್ ಕನೆಕ್ಷನ್ ಈಸ್ ನಾಟ್ ಪ್ರೈವೇಟ್" ಎಂಬ ಕೆಂಪು ಎಚ್ಚರಿಕೆ

ಪುಟ ಬರುವುದಕ್ಕೂ ಮೊದಲೇ ತಡೆ. ಈ ಲಕ್ಷಣ ಕಂಡರೆ ಮೊದಲು ಪರದೆಯ ಬಲಮೂಲೆಯ ಗಡಿಯಾರ ನೋಡಿ. ತಾರೀಕು ತಪ್ಪಾಗಿದ್ದರೆ ಸೈಟಿನ ಸರ್ಟಿಫಿಕೇಟ್ (ಸೈಟ್ ಅಸಲಿ ಎಂದು ತೋರಿಸುವ ಡಿಜಿಟಲ್ ಗುರುತಿನ ಚೀಟಿ) ಅವಧಿ ಲೆಕ್ಕಕ್ಕೆ ಸಿಗುವುದಿಲ್ಲ. ಎಚ್ಚರಿಕೆಯ ಕೆಳಗೆ ಸಣ್ಣಕ್ಷರದಲ್ಲಿ "ಸರ್ಟ್ ಡೇಟ್ ಇನ್‌ವ್ಯಾಲಿಡ್" ಎಂದು ಇದ್ದರೆ ಬಹುತೇಕ ಇದೇ ಕಾರಣ. ತಾರೀಕು ಸರಿ ಮಾಡಿ, ಮತ್ತೆ ತೆರೆಯಿರಿ.

ಪ್ರತಿ ಸಲ ಸಿಸ್ಟಂ ಆಫ್ ಮಾಡಿ ಆನ್ ಮಾಡಿದಾಗಲೂ ತಾರೀಕು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತಿದೆಯಾ? ಹಾಗಾದರೆ ಮದರ್‌ಬೋರ್ಡ್ ಮೇಲಿನ ಸೆಲ್ ಮುಗಿದಿದೆ. ಡೆಸ್ಕ್‌ಟಾಪ್‌ನಲ್ಲಿ ಅದು ಸಾಮಾನ್ಯವಾಗಿ ಸಿಆರ್2032, ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಪವರ್ ವೈರ್ ಗೋಡೆಯಿಂದ ಕಿತ್ತ ಮೇಲೇ ಕ್ಯಾಬಿನೆಟ್ ತೆರೆಯಿರಿ. ಹಳೆ ಸೆಲ್ ಮೇಜಿನ ಮೇಲೆ ಬಿಡಬೇಡಿ. ಮಗು ನುಂಗಿದರೆ ಒಳಗೆ ಸುಟ್ಟ ಗಾಯವಾಗುತ್ತದೆ, ತಡ ಮಾಡದೆ ಆಸ್ಪತ್ರೆಗೆ ಓಡಬೇಕಾಗುತ್ತದೆ. ಲ್ಯಾಪ್‌ಟಾಪ್ ಆದರೆ ನೀವು ಕೈ ಹಾಕಬೇಡಿ, ಅಂಗಡಿಗೆ ಕೊಡಿ.

ತಾರೀಕು ಸರಿ ಇದ್ದು "ಸರ್ಟ್ ಅಥಾರಿಟಿ ಇನ್‌ವ್ಯಾಲಿಡ್" ಎಂದು ಬಂದರೆ ಕತೆ ಬೇರೆ. ಸೈಟಿನ ಸರ್ಟಿಫಿಕೇಟ್‌ಗೆ ಸಹಿ ಹಾಕಿದವರು ಯಾರೆಂದು ನಿಮ್ಮ ಫೋನಿಗೆ ಗೊತ್ತಿಲ್ಲ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಕೋಟ್ಯಂತರ ಸೈಟುಗಳಿಗೆ ಬಿಟ್ಟಿಯಾಗಿ ಸರ್ಟಿಫಿಕೇಟ್ ಕೊಡುತ್ತದೆ. ಅದರ ಮೂಲ ಸಹಿಯನ್ನು ಆಂಡ್ರಾಯ್ಡ್ 7.1.1ಕ್ಕಿಂತ ಹಳೆಯ ಫೋನುಗಳು ಗುರುತಿಸುವುದಿಲ್ಲ. ಬೇರೊಂದು ಹಳೆ ಸಹಿಯ ಆಸರೆಯಲ್ಲಿ ಒಂದಷ್ಟು ಕಾಲ ನಡೆಯಿತು. ಆ ಆಸರೆ 2024ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಒಂದೇ ಫೋನಿನಲ್ಲಿ ಕೆಲವು ಸೈಟ್ ಬಂದು ಕೆಲವು ಬರದಿರುವುದಕ್ಕೆ ಇದು ದೊಡ್ಡ ಕಾರಣ. ಇಂಥ ಫೋನಿಗೆ ಪ್ಲೇಸ್ಟೋರ್‌ನಲ್ಲಿ ಸಿಗುವ ಕೊನೆಯ ಫೈರ್‌ಫಾಕ್ಸ್ ಹಾಕಿ ನೋಡಿ. ಫೈರ್‌ಫಾಕ್ಸ್ ತನ್ನ ನಂಬಿಕೆಯ ಪಟ್ಟಿಯನ್ನು ತಾನೇ ಹೊತ್ತು ತರುತ್ತದೆ, ಫೋನನ್ನು ಕೇಳುವುದಿಲ್ಲ.

ಇಲ್ಲಿ ಒಂದು ಕಡೆ ನಿಲ್ಲಬೇಕು. "ಅಡ್ವಾನ್ಸ್ಡ್" ಒತ್ತಿ "ಪ್ರೊಸೀಡ್" ಮಾಡಿದರೆ ಪುಟ ತೆರೆಯಬಹುದು. ಅಡುಗೆ ಬ್ಲಾಗ್ ಓದುವುದಾದರೆ ಹೇಗೋ ಆಗುತ್ತದೆ. ಪಾಸ್‌ವರ್ಡ್, ಓಟಿಪಿ, ಕಾರ್ಡ್ ನಂಬರ್ ಹಾಕಬೇಕಾದ ಕಡೆ ಮಾಡಲೇಬೇಡಿ. ಯಾರೋ ವಾಟ್ಸಾಪ್‌ನಲ್ಲಿ ಕಳಿಸಿದ ಸರ್ಟಿಫಿಕೇಟ್ ಫೈಲನ್ನು ಇನ್‌ಸ್ಟಾಲ್ ಮಾಡುವುದಂತೂ ಬೇಡವೇ ಬೇಡ. ಅದನ್ನು ಕೊಟ್ಟವರು ಬ್ಯಾಂಕ್ ಹೆಸರಿನಲ್ಲೇ ಸುಳ್ಳು ಪುಟ ತೋರಿಸಿದರೂ ಫೋನ್ ತಕರಾರು ಮಾಡುವುದಿಲ್ಲ.

ಪೂರ್ತಿ ಬಿಳಿ ಪುಟ, ಅಥವಾ ಸುತ್ತುತ್ತಲೇ ಇರುವ ಚಕ್ರ

ಮೇಲಿನ ಟ್ಯಾಬ್‌ನಲ್ಲಿ ಸೈಟಿನ ಹೆಸರು ಬಂದಿದೆ, ಪುಟದಲ್ಲಿ ಮಾತ್ರ ಏನೂ ಇಲ್ಲ. ಹಳೆ ಬ್ರೌಸರ್‌ನ ಪಕ್ಕಾ ಲಕ್ಷಣ ಇದು.

ವೆಬ್ ಪುಟದಲ್ಲಿ ಅಲಂಕಾರ ನೋಡಿಕೊಳ್ಳುವುದು ಸಿಎಸ್ಎಸ್, ಕೆಲಸ ಮಾಡಿಸುವುದು ಜಾವಾಸ್ಕ್ರಿಪ್ಟ್. ಸಿಎಸ್ಎಸ್‌ನಲ್ಲಿ ಗೊತ್ತಿಲ್ಲದ ಸಾಲು ಸಿಕ್ಕರೆ ಬ್ರೌಸರ್ ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ಇಂಗು ಇಲ್ಲ ಅಂತ ಯಾರೂ ಒಗ್ಗರಣೆ ನಿಲ್ಲಿಸುವುದಿಲ್ಲ, ಅಲ್ವಾ? ಜಾವಾಸ್ಕ್ರಿಪ್ಟ್ ಹಾಗಲ್ಲ. ಫೈಲಿನಲ್ಲಿ ಗೊತ್ತಿಲ್ಲದ ಒಂದೇ ಒಂದು ಚಿಹ್ನೆ ಇದ್ದರೂ ಇಡೀ ಫೈಲನ್ನೇ ಓದಲು ಒಪ್ಪುವುದಿಲ್ಲ. ಈಗಿನ ಬಹಳಷ್ಟು ಸೈಟುಗಳು ಪುಟ ಕಟ್ಟುವುದೇ ಜಾವಾಸ್ಕ್ರಿಪ್ಟ್‌ನಿಂದ. ಅದು ಓಡದಿದ್ದರೆ ಉಳಿಯುವುದು ಬರೀ ಬಿಳಿ.

ಕಂಪ್ಯೂಟರ್‌ನಲ್ಲಾದರೆ ಖಚಿತ ಮಾಡಿಕೊಳ್ಳಬಹುದು. ಎಫ್12 ಒತ್ತಿ, ಕನ್ಸೋಲ್ ಎಂಬ ಟ್ಯಾಬ್‌ಗೆ ಹೋಗಿ, ಪುಟ ರಿಫ್ರೆಶ್ ಮಾಡಿ. ಕೆಂಪು ಸಾಲುಗಳು ಹತ್ತಾರು ಬರಬಹುದು. ಮೊದಲನೆಯದು ಮಾತ್ರ ಓದಿ, ಉಳಿದವು ಅದರ ಹಿಂದೆ ಬಂದವು. "ಸಿಂಟ್ಯಾಕ್ಸ್ ಎರರ್: ಅನ್‌ಎಕ್ಸ್‌ಪೆಕ್ಟೆಡ್ ಟೋಕನ್" ಎಂದಿದ್ದು, ಪಕ್ಕದಲ್ಲಿ ಒಂದು ಚುಕ್ಕಿಯೋ ಪ್ರಶ್ನಾರ್ಥಕ ಚಿಹ್ನೆಯೋ ಇದೆಯಾ? ಸಿಕ್ಕಿಬಿತ್ತು. ಪ್ರಶ್ನಾರ್ಥಕದ ಪಕ್ಕ ಚುಕ್ಕಿ ಇಡುವ "?." ಎಂಬ ಬರವಣಿಗೆ ಕ್ರೋಮ್ 80ರಲ್ಲಿ, ಅಂದರೆ 2020ರ ಫೆಬ್ರವರಿಯಲ್ಲಿ ಬಂತು. ಫೈರ್‌ಫಾಕ್ಸ್ 74 ಮತ್ತು ಸಫಾರಿ 13.1ರಲ್ಲಿ ಮುಂದಿನ ತಿಂಗಳೇ ಬಂತು. ಎಕ್ಸ್‌ಪಿಯ ಕ್ರೋಮ್ 49ಕ್ಕೂ ಐಒಎಸ್ 12ರ ಸಫಾರಿಗೂ ಇದು ಗೊತ್ತೇ ಇಲ್ಲ. ಈಗ ಬಹಳಷ್ಟು ಸೈಟುಗಳಲ್ಲಿ ಇದಿದೆ. ಹಾಗಾಗಿ ಆ ಯಂತ್ರಗಳಲ್ಲಿ ಇನ್ನೇನೂ ಪ್ರಯತ್ನ ಬೇಡ, ನೇರವಾಗಿ "ಯಾವಾಗ ನಿಲ್ಲಿಸಬೇಕು" ಎಂಬ ಭಾಗಕ್ಕೆ ಹೋಗಿ.

ಪುಟ ಬರುತ್ತದೆ, ಆದರೆ ಬಟನ್ ಒತ್ತಿದರೆ ಏನೂ ಆಗಲ್ಲ

ಇದೂ ಜಾವಾಸ್ಕ್ರಿಪ್ಟೇ, ಆದರೆ ಇನ್ನೊಂದು ಬಗೆ. ಕನ್ಸೋಲ್‌ನಲ್ಲಿ "ಈಸ್ ನಾಟ್ ಎ ಫಂಕ್ಷನ್" ಎಂದು ಕಾಣುತ್ತದೆ. ಬರವಣಿಗೆ ಬ್ರೌಸರ್‌ಗೆ ಅರ್ಥವಾಗಿದೆ, ಕೇಳಿದ ಸಲಕರಣೆ ಮಾತ್ರ ಅದರ ಹತ್ತಿರ ಇಲ್ಲ. ಪುಟ ಅಲ್ಲಿಯವರೆಗೆ ಓಡಿ ನಿಲ್ಲುತ್ತದೆ.

ವಿಂಡೋಸ್ 7 ಇರುವವರಿಗೆ ಇಲ್ಲಿ ಬೇಜಾರಿನ ಸಂಗತಿ ಇದೆ. ಪಟ್ಟಿಯನ್ನು ವಿಂಗಡಿಸುವ ಟು-ಸಾರ್ಟೆಡ್ ಎಂಬ ಫಂಕ್ಷನ್ ಕ್ರೋಮ್‌ಗೆ ಬಂದದ್ದು 110ರಲ್ಲಿ. ನಿಮ್ಮದು 109. ಒಂದೇ ನಂಬರ್! ಸಮಾಧಾನ ಏನೆಂದರೆ ಫೈರ್‌ಫಾಕ್ಸ್‌ನಲ್ಲಿ ಅದು 115ರಲ್ಲೇ ಇದೆ. ಅಂದರೆ ಕ್ರೋಮ್‌ನಲ್ಲಿ ಸತ್ತ ಬಟನ್ ಅದೇ ಸಿಸ್ಟಂನ ಫೈರ್‌ಫಾಕ್ಸ್‌ನಲ್ಲಿ ಕೆಲಸ ಮಾಡಬಹುದು. ಯಾರನ್ನಾದರೂ ಕರೆಸುವ ಮೊದಲು ಇದನ್ನು ನೋಡಿ, ಖರ್ಚಿಲ್ಲದ ಕೆಲಸ.

ಪುಟದೊಳಗಿನ ಪಿಡಿಎಫ್ ಮಾತ್ರ ತೆರೆಯದಿದ್ದರೂ ಹೆಚ್ಚಾಗಿ ಇದೇ ಕಾರಣ. ಸೈಟುಗಳು ಪಿಡಿಎಫ್ ತೋರಿಸಲು ಬಳಸುವ ಪಿಡಿಎಫ್ ಡಾಟ್ ಜೆಎಸ್‌ನ ಹೊಸ ಆವೃತ್ತಿಗಳು ಕ್ರೋಮ್ 119ರಲ್ಲಿ ಬಂದ ಸಲಕರಣೆಯೊಂದನ್ನು ಕೇಳುತ್ತವೆ. ಅದರ ಜೊತೆ ಗುದ್ದಾಡಬೇಡಿ. ಫೈಲನ್ನು ಡೌನ್‌ಲೋಡ್ ಮಾಡಿ ಪಿಡಿಎಫ್ ರೀಡರ್‌ನಲ್ಲಿ ತೆರೆಯಿರಿ.

ಎಲ್ಲಾ ಅಕ್ಷರ ಇದೆ, ರೂಪವೇ ಇಲ್ಲ. ಅಥವಾ ಬಣ್ಣ ಹೋಗಿದೆ

ಎರಡೂ ಒಂದೇ ಥರ ಕಾಣಬಹುದು, ಆದರೆ ಬೇರೆ ಬೇರೆ.

ಬಿಳಿ ಹಾಳೆಯ ಮೇಲೆ ಕಪ್ಪು ಅಕ್ಷರ, ನೀಲಿ ಲಿಂಕ್, ಒಂದರ ಕೆಳಗೊಂದು ಮೆನು. ಹೀಗೆ ಬಂದರೆ ಮೊದಲು ಕಂಟ್ರೋಲ್ ಜೊತೆ ಎಫ್5 ಒತ್ತಿ. ನೆಟ್ ನಿಧಾನವಾಗಿ ಸಿಎಸ್ಎಸ್ ಫೈಲ್ ಬರದೇ ಹೋದಾಗಲೂ ಹೀಗೇ ಕಾಣುತ್ತದೆ. ಎರಡು ಮೂರು ಸಲ ರಿಫ್ರೆಶ್ ಮಾಡಿದರೂ ಹಾಗೇ ಇದ್ದರೆ ವರ್ಷನ್ ಚೀಟಿ ತೆಗೆಯಿರಿ. ಸಿಎಸ್ಎಸ್‌ನಲ್ಲಿ ಲೇಯರ್ ಎಂಬ ಏರ್ಪಾಡು 2022ರ ಆರಂಭದಲ್ಲಿ ಬಂತು: ಕ್ರೋಮ್ 99, ಫೈರ್‌ಫಾಕ್ಸ್ 97, ಸಫಾರಿ 15.4. ಹೊಸ ಸೈಟುಗಳು ಇಡೀ ಅಲಂಕಾರವನ್ನು ಅದರೊಳಗೆ ಸುತ್ತಿಡುತ್ತವೆ. ಹಳೆ ಬ್ರೌಸರ್ ಲೇಯರನ್ನು ಬಿಟ್ಟು ಹೋಗುವಾಗ ಒಳಗಿದ್ದದ್ದನ್ನೂ ಬಿಡುತ್ತದೆ. ಆಂಡ್ರಾಯ್ಡ್ 5ರ ಕ್ರೋಮ್ 95 ಈ ಗುಂಪಿಗೆ ಸೇರಿದ್ದು. ಆದರೂ ಪುಟ ಓದಬಹುದು, ಫಾರ್ಮ್ ತುಂಬಬಹುದು. ಚೆಂದ ಇಲ್ಲ ಅಷ್ಟೆ.

ಎರಡನೆಯದು ಇದಕ್ಕಿಂತ ಕಷ್ಟ. ಪುಟದ ಅಚ್ಚುಕಟ್ಟು ಸರಿಯಾಗಿದೆ, ಆದರೆ ಪೆಟ್ಟಿಗೆಗಳಿಗೆ ಬಣ್ಣ ಇಲ್ಲ, "ಸಬ್‌ಮಿಟ್" ಇರಬೇಕಾದ ಜಾಗ ಖಾಲಿ. ಅಲ್ಲಿ ಬಟನ್ ಇದೆ! ಅದರ ಹಿನ್ನೆಲೆ ಬಣ್ಣವನ್ನು ಓಕೆಎಲ್‌ಸಿಎಚ್ ಎಂಬ ಹೊಸ ಲೆಕ್ಕದಲ್ಲಿ ಬರೆದಿದ್ದಾರೆ. ಕ್ರೋಮ್‌ಗೆ ಅದು ಗೊತ್ತಾಗುವುದು 111ರಿಂದ. ಬಣ್ಣ ಬರಲಿಲ್ಲ, ಅದರ ಮೇಲಿನ ಬಿಳಿ ಅಕ್ಷರ ಬಂತು. ಬಿಳಿ ಹಾಳೆ ಮೇಲೆ ಬಿಳಿ ಅಕ್ಷರ ಕಾಣುವುದು ಹೇಗೆ? ಕಂಟ್ರೋಲ್ ಮತ್ತು ಎ ಒಟ್ಟಿಗೆ ಒತ್ತಿ. ಪುಟ ಪೂರ್ತಿ ಸೆಲೆಕ್ಟ್ ಆಗಿ ನೀಲಿ ಬಣ್ಣ ಹರಡಿದಾಗ ಅಡಗಿದ್ದ ಬರಹ ಎದ್ದು ಕಾಣುತ್ತದೆ. ಅದರ ಮೇಲೆ ಕ್ಲಿಕ್ ಮಾಡಿದರೆ ಬಟನ್ ಕೆಲಸ ಮಾಡುತ್ತದೆ.

ಇದು ಅಲ್ಲೊಂದು ಇಲ್ಲೊಂದು ಸೈಟಿನ ಕತೆಯಲ್ಲ. ಸೈಟ್ ಕಟ್ಟುವವರಲ್ಲಿ ಬಹಳ ಜನ ಬಳಸುವ ಟೇಲ್‌ವಿಂಡ್ ಎಂಬ ಸಿಎಸ್ಎಸ್ ಸಲಕರಣೆಯ 4ನೇ ಆವೃತ್ತಿ 2025ರ ಜನವರಿಯಲ್ಲಿ ಬಂತು. ಅದರ ಕೈಪಿಡಿ ಕೇಳುವುದು ಕ್ರೋಮ್ 111, ಸಫಾರಿ 16.4, ಫೈರ್‌ಫಾಕ್ಸ್ 128. ವಿಂಡೋಸ್ 7ರ 109 ಎರಡೇ ಹೆಜ್ಜೆ ಹಿಂದೆ ಉಳಿಯಿತು. ಐಒಎಸ್ 15ಕ್ಕೆ ನಿಂತ ಐಫೋನ್ 6ಎಸ್ ಮತ್ತು 7 ಕೂಡ ಹೊರಗೆ. ಇಲ್ಲೂ ಫೈರ್‌ಫಾಕ್ಸ್ 115 ಅರ್ಧ ಕೈ ಹಿಡಿಯುತ್ತದೆ. ಆ ಬಣ್ಣದ ಲೆಕ್ಕ ಅದಕ್ಕೆ 113ರಿಂದಲೇ ಗೊತ್ತು. ನೆರಳು, ಅಂಚುಗೆರೆ ಹೋಗಬಹುದು, ಬಟನ್ ಕಾಣುತ್ತದೆ. ನನ್ನ ಪ್ರಕಾರ ವಿಂಡೋಸ್ 7ರಲ್ಲಿ ಈಗಲೂ ಕ್ರೋಮ್ ಹಿಡಿದುಕೊಂಡಿರುವುದಕ್ಕೆ ಅರ್ಥವಿಲ್ಲ.

ಚಿತ್ರಗಳ ಜಾಗ ಮಾತ್ರ ಖಾಲಿ

ಬರಹ ಸರಿ, ಬಟನ್ ಸರಿ, ಫೋಟೊ ಇಲ್ಲ. ಹೊಸ ಚಿತ್ರ ಮಾದರಿಗಳೇ ಕಾರಣ. ವೆಬ್‌ಪಿ ಸಫಾರಿಗೆ ಬಂದದ್ದು 14ರಲ್ಲಿ, 2020ರಲ್ಲಿ. ಎವಿಐಎಫ್ ಎಂಬುದು ಕ್ರೋಮ್ 85, ಫೈರ್‌ಫಾಕ್ಸ್ 93, ಸಫಾರಿ 16ರಿಂದ. ತಮಾಷೆ ನೋಡಿ, ಎಡ್ಜ್ ಒಳಗೂ ಕ್ರೋಮ್‌ನ ಎಂಜಿನ್ನೇ ಇದೆ, ಆದರೂ ಎವಿಐಎಫ್ ಅದಕ್ಕೆ ಸಿಕ್ಕಿದ್ದು 121ರಲ್ಲಿ. ಹಾಗಾಗಿ ವಿಂಡೋಸ್ 7ರಲ್ಲಿ ಎಡ್ಜ್ 109 ಖಾಲಿ ಚೌಕ ತೋರಿಸುವ ಕಡೆ ಕ್ರೋಮ್ 109 ಚಿತ್ರ ತೋರಿಸುತ್ತದೆ. ಬ್ರೌಸರ್ ಬದಲಿಸಿ ನೋಡಿ.

ಕನ್ನಡದ ಜಾಗದಲ್ಲಿ ಚೌಕ ಚೌಕ, ಅಥವಾ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ

ಚೌಕಗಳು ಬಂದರೆ ಸಿಸ್ಟಂನಲ್ಲಿ ಆ ಅಕ್ಷರದ ಫಾಂಟ್ ಇಲ್ಲ. ಕನ್ನಡ ಪೂರ್ತಿ ಚೌಕವಾಗಿದ್ದರೆ ಯೂನಿಕೋಡ್ ಕನ್ನಡ ಫಾಂಟ್ ಹಾಕಿ, ನೋಟೊ ಸಾನ್ಸ್ ಕನ್ನಡ ಬಿಟ್ಟಿಯಾಗಿ ಸಿಗುತ್ತದೆ. ಬೆಲೆಯ ಮುಂದೆ ಮಾತ್ರ ಚೌಕ ಇದ್ದರೆ ಅದು ರೂಪಾಯಿ ಚಿಹ್ನೆ. ಅದು ಯೂನಿಕೋಡ್‌ಗೆ ಸೇರಿದ್ದೇ 2010ರಲ್ಲಿ, ಎಕ್ಸ್‌ಪಿಗೆ ಗೊತ್ತಿಲ್ಲ. ಒತ್ತಕ್ಷರ ಕೆಳಗೆ ಹೋಗದೆ ಪಕ್ಕದಲ್ಲಿ ಕೂತಿದ್ದರೆ ಫಾಂಟ್ ಇದೆ, ಜೋಡಿಸುವ ಏರ್ಪಾಡು ಇಲ್ಲ. ಎಕ್ಸ್‌ಪಿಯಲ್ಲಿ ಇದಕ್ಕೆ ಕಂಟ್ರೋಲ್ ಪ್ಯಾನೆಲ್‌ನ ಭಾಷೆಯ ಭಾಗದಲ್ಲಿ ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಎಂಬಲ್ಲಿ ಟಿಕ್ ಹಾಕಬೇಕು.

ಇಂಗ್ಲಿಷ್ ಅಕ್ಷರಗಳ ತಲೆ ಮೇಲೆ ಗೀರು, ನಡುನಡುವೆ ಪೌಂಡ್ ಚಿಹ್ನೆ ಹೀಗೆ ಬಂದರೆ ತಪ್ಪು ನಿಮ್ಮ ಬ್ರೌಸರ್‌ದಲ್ಲ. ಯೂನಿಕೋಡ್‌ಗೆ ಮುಂಚಿನ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಹಳೆ ಪುಟ ಅದು. ಹೊಸ ಕಂಪ್ಯೂಟರ್ ತಂದರೂ ಹಾಗೇ ಕಾಣುತ್ತದೆ. ಬರಹವನ್ನು ಕಾಪಿ ಮಾಡಿ ಯೂನಿಕೋಡ್‌ಗೆ ಬದಲಿಸುವ ಸಲಕರಣೆಯಲ್ಲಿ ಹಾಕಿ ಓದಿ.

ಆ್ಯಪ್ ತೆರೆದರೆ ಒಳಗಿನ ಪುಟ ಬಿಳಿ

ಬಹಳಷ್ಟು ಆ್ಯಪ್‌ಗಳು ಒಳಗೆ ವೆಬ್ ಪುಟವನ್ನೇ ತೋರಿಸುತ್ತವೆ. ಅದಕ್ಕೆ ಬಳಸುವುದು ಆಂಡ್ರಾಯ್ಡ್ ಸಿಸ್ಟಂ ವೆಬ್‌ವ್ಯೂ. ಆಂಡ್ರಾಯ್ಡ್ 5ರಿಂದ ಇದು ಪ್ಲೇಸ್ಟೋರ್‌ನಲ್ಲೇ ಬೇರೆಯಾಗಿ ಅಪ್‌ಡೇಟ್ ಆಗುತ್ತದೆ. ಆಂಡ್ರಾಯ್ಡ್ 7ರಿಂದ 9ರವರೆಗೆ ಸಾಮಾನ್ಯವಾಗಿ ಕ್ರೋಮೇ ಆ ಕೆಲಸ ಮಾಡುತ್ತದೆ. ಎರಡನ್ನೂ ಅಪ್‌ಡೇಟ್ ಮಾಡಿ. ಜಾಗ ಇಲ್ಲ ಅಂತ ಕ್ರೋಮ್‌ನ ಅಪ್‌ಡೇಟ್ ತೆಗೆದುಹಾಕಿದವರ ಫೋನಿನಲ್ಲಿ ಇದು ಜಾಸ್ತಿ.

"ನಿಮ್ಮ ಬ್ರೌಸರ್ ಹಳೆಯದು, ಅಪ್‌ಡೇಟ್ ಮಾಡಿ" ಎಂಬ ಸಂದೇಶ

ಪುಟದೊಳಗೆ ಬರೀ ಬರಹವಾಗಿ ಬಂದರೆ ಸೈಟಿನವರು ನಿಜ ಹೇಳುತ್ತಿದ್ದಾರೆ. ಆದರೆ ಪರದೆ ತುಂಬಾ ಬಂದು, ಅಲ್ಲೇ "ಡೌನ್‌ಲೋಡ್" ಬಟನ್ ಕೊಟ್ಟು, ಒಂದು ಫೈಲ್ ಇಳಿಸಿದರೆ ಮುಟ್ಟಬೇಡಿ. ಸುಳ್ಳು ಬ್ರೌಸರ್ ಅಪ್‌ಡೇಟ್ ಮಾಲ್‌ವೇರ್ ಹರಡುವವರ ಹಳೆ ದಾರಿ. ಅಪ್‌ಡೇಟ್ ಸಿಗುವುದು ಬ್ರೌಸರ್‌ನ ಅಬೌಟ್ ಪುಟದಲ್ಲಿ ಅಥವಾ ಪ್ಲೇಸ್ಟೋರ್‌ನಲ್ಲಿ ಮಾತ್ರ.

ಫೈರ್‌ಫಾಕ್ಸ್‌ನಲ್ಲಿ ಎಕ್ಸ್‌ಟೆನ್ಶನ್‌ಗಳೆಲ್ಲ ಒಟ್ಟಿಗೆ ನಿಂತುಹೋಗಿದ್ದರೆ ಅದು ಬೇರೆ ವಿಷಯ. ಒಳಗಿನ ಒಂದು ಸರ್ಟಿಫಿಕೇಟ್ 2025ರ ಮಾರ್ಚ್ 14ಕ್ಕೆ ಮುಗಿಯಿತು. 115.13 ಅಥವಾ ಅದಕ್ಕಿಂತ ಹೊಸ ಇಎಸ್‌ಆರ್ ಹಾಕಿದರೆ ಸರಿಯಾಗುತ್ತದೆ.

ಯಾವಾಗ ನಿಲ್ಲಿಸಬೇಕು

ಆ ಸಿಸ್ಟಂಗೆ ಸಿಗುವ ಕೊನೆ ವರ್ಷನ್ ಹಾಕಿ, ಇನ್ನೊಂದು ಬ್ರೌಸರ್‌ನಲ್ಲೂ ನೋಡಿ, ಅಲ್ಲೂ ಸಿಂಟ್ಯಾಕ್ಸ್ ಎರರ್ ಬಂದರೆ ಬ್ರೌಸರ್ ಕಡೆಯಿಂದ ದಾರಿ ಮುಗಿಯಿತು. ಹಳೆ ವಿಂಡೋಸ್‌ನಲ್ಲಿ ಹೊಸ ಕ್ರೋಮ್ ಓಡಿಸುತ್ತೇವೆ ಎನ್ನುವ ಹೊರಗಿನ ಆವೃತ್ತಿಗಳಿವೆ. ಬ್ಯಾಂಕ್ ಕೆಲಸ ಮಾಡುವ ಸಿಸ್ಟಂಗೆ ನಾನು ಅವನ್ನು ಹಾಕುವುದಿಲ್ಲ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ 2020ರ ಜನವರಿ 14ಕ್ಕೇ ಬೆಂಬಲ ನಿಲ್ಲಿಸಿದೆ. ಬ್ರೌಸರ್ ಎಷ್ಟೇ ಹೊಸದಾದರೂ ಕೆಳಗಿನ ನೆಲ ಹಳೆಯದೇ.

ಯಂತ್ರ 64 ಬಿಟ್‌ದಾಗಿದ್ದು 4 ಜಿಬಿ ರ‍್ಯಾಮ್ ಇದ್ದರೆ ಲಿನಕ್ಸ್ ಮಿಂಟ್ ಹಾಕಿಸಿ. ಇವತ್ತಿನ ಫೈರ್‌ಫಾಕ್ಸ್ ಅದರಲ್ಲಿ ಬರುತ್ತದೆ. ಇನ್‌ಸ್ಟಾಲ್ ಮಾಡುವ ಮೊದಲು ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು, ಹಾರ್ಡ್ ಡಿಸ್ಕ್‌ಗೆ ಏನೂ ಆಗುವುದಿಲ್ಲ. ಆ ಸಿಸ್ಟಂನಲ್ಲಿ ಲೆಕ್ಕದ ಸಾಫ್ಟ್‌ವೇರ್, ಡಿಜಿಟಲ್ ಸಹಿಯ ಟೋಕನ್ ಇದ್ದರೆ ಮಾತ್ರ ಗೊತ್ತಿರುವವರನ್ನು ಕೇಳದೆ ಮುಂದುವರಿಯಬೇಡಿ. ಫೋನ್ ಆದರೆ ಆ ಒಂದು ಕೆಲಸಕ್ಕೆ ಮನೆಯವರ ಹೊಸ ಫೋನ್ ತೆಗೆದುಕೊಳ್ಳುವುದೇ ಮೇಲು.

ಸೈಟಿನ ಸಹಾಯವಾಣಿಗೆ ಬರೆಯುವುದಾದರೆ "ಓಪನ್ ಆಗ್ತಿಲ್ಲ" ಎಂದಷ್ಟೇ ಬರೆಯಬೇಡಿ. ಸಿಸ್ಟಂ ಯಾವುದು, ಬ್ರೌಸರ್ ವರ್ಷನ್ ಎಷ್ಟು, ಕನ್ಸೋಲ್‌ನ ಮೊದಲ ಕೆಂಪು ಸಾಲು ಏನು ಎಂಬುದರ ಜೊತೆ ಒಂದು ಸ್ಕ್ರೀನ್‌ಶಾಟ್ ಇಡಿ. ಅದರಲ್ಲಿ ನಿಮ್ಮ ಆಧಾರ್ ನಂಬರ್ ಕಾಣದ ಹಾಗೆ ನೋಡಿಕೊಳ್ಳಿ.

ಸೈಟ್ ಕಟ್ಟುವವರು ನೀವೇ ಆಗಿದ್ದರೆ

ದೂರು ಬಂದಾಗ ಮೊದಲು ಬಿಲ್ಡ್‌ನ ಬ್ರೌಸರ್‌ಲಿಸ್ಟ್ (ಯಾವ ಬ್ರೌಸರ್‌ಗಳಿಗೆ ಕೋಡ್ ತಯಾರಾಗಬೇಕೆಂಬ ಪಟ್ಟಿ) ನೋಡಿ. ಬರವಣಿಗೆಯ ದೋಷವನ್ನು ಹೊಸ ಕೋಡನ್ನು ಹಳೆ ರೂಪಕ್ಕೆ ಬದಲಿಸುವ ಬೇಬಲ್ ಸರಿ ಮಾಡುತ್ತದೆ, ಇಲ್ಲದ ಫಂಕ್ಷನ್ನಿಗೆ ಪಾಲಿಫಿಲ್, ಅಂದರೆ ಆ ಕೊರತೆ ತುಂಬುವ ಕೋಡ್ ಬೇಕು. ಒಂದು ಮಾಡುವ ಕೆಲಸ ಇನ್ನೊಂದು ಮಾಡುವುದಿಲ್ಲ. ಬಣ್ಣಕ್ಕಾದರೆ ಸಾಧಾರಣ ಹೆಕ್ಸ್ ಬಣ್ಣದ ಸಾಲನ್ನು ಮೊದಲು ಬರೆದು ಹೊಸದನ್ನು ಅದರ ಕೆಳಗೆ ಬರೆದರೆ ಸಾಕು, ಹಳೆ ಬ್ರೌಸರ್ ಮೊದಲನೆಯದನ್ನೇ ಉಳಿಸಿಕೊಳ್ಳುತ್ತದೆ. ಬಣ್ಣವನ್ನು ಕಸ್ಟಮ್ ಪ್ರಾಪರ್ಟಿಯಲ್ಲಿಟ್ಟು ವಾರ್ (var) ಮೂಲಕ ಕರೆದರೆ ಈ ಉಪಾಯ ನಡೆಯುವುದಿಲ್ಲ, ಆಗ ಹೊಸ ಬಣ್ಣವನ್ನು ಸಪೋರ್ಟ್ಸ್ (@supports) ನಿಯಮದೊಳಗೆ ಇಡಬೇಕು.

ಹಳೆ ಪ್ರಾಜೆಕ್ಟ್ ಕೈಗೆ ಬಂದರೆ ಸೋರ್ಸ್‌ನಲ್ಲಿ ಪಾಲಿಫಿಲ್ ಡಾಟ್ ಐಒ ಎಂಬ ವಿಳಾಸ ಇದೆಯಾ ಎಂದು ಹುಡುಕಿ. ಆ ಡೊಮೇನ್ 2024ರ ಫೆಬ್ರವರಿಯಲ್ಲಿ ಬೇರೆಯವರ ಕೈಗೆ ಹೋಯಿತು. ಜೂನ್ ಹೊತ್ತಿಗೆ ಅಲ್ಲಿಂದ ಕೆಟ್ಟ ಕೋಡ್ ಹೊರಟು ಒಂದು ಲಕ್ಷಕ್ಕೂ ಹೆಚ್ಚು ಸೈಟುಗಳಿಗೆ ತಟ್ಟಿತು. ಸಾಲು ಸಿಕ್ಕರೆ ಅಳಿಸಿ. ಅಲ್ಲಿನ ಪಾಲಿಫಿಲ್‌ಗಳು ಈಗ ಯಾವ ಸೈಟಿಗೂ ಬೇಕಿಲ್ಲ ಎಂದು ಆ ಸೇವೆಯನ್ನು ಮೊದಲು ಕಟ್ಟಿದವರೇ ಹೇಳಿದ್ದಾರೆ.